ಒಂದು ಮಗು, ಹಲವು ಮೇಷ್ಟ್ರು: ಹೊಸ ಶಿಕ್ಷಕರಿಗೆ

ನೇಮಕಾತಿ ಆದೇಶ ಹಿಡಿದು ಶಾಲೆಗೆ ಹಾಜರಾದ ದಿನ ಮುಖ್ಯ ಶಿಕ್ಷಕರು ನಿಮಗೆ ವೇಳಾಪಟ್ಟಿ ತೋರಿಸುತ್ತಾರೆ, ಹಾಜರಿ ಪುಸ್ತಕ ಕೊಡುತ್ತಾರೆ. ಮಗುವಿನ ಹೆಸರು, ತಂದೆ ತಾಯಿಯ ಹೆಸರು, ಹುಟ್ಟಿದ ದಿನ, ಹಿಂದಿನ ವರ್ಷದ ಶ್ರೇಣಿ ಎಲ್ಲವೂ ಕಂಪ್ಯೂಟರಿನಲ್ಲಿ ಸಿಗುತ್ತದೆ. ಆದರೆ ಆ ಮಗು ಸೋಮವಾರ ಯಾಕೆ ತಪ್ಪಿಸುತ್ತದೆ, ಗಟ್ಟಿಯಾಗಿ ಓದು ಅಂದರೆ ಯಾಕೆ ತಲೆ ತಗ್ಗಿಸುತ್ತದೆ, ಯಾರ ಪಕ್ಕ ಕೂತರೆ ಕಲಿಯುತ್ತದೆ ಎಂಬುದು ಎಲ್ಲೂ ಬರೆದಿರುವುದಿಲ್ಲ. ಹಾಗೆಂದು ಇದು ಶಾಲೆಯಲ್ಲಿ ಯಾರಿಗೂ ಗೊತ್ತಿಲ್ಲವೆಂದಲ್ಲ. ಹಿಂದಿನ ತರಗತಿಯ ಮೇಡಂಗೆ ಅದರಲ್ಲಿ ಒಂದಿಷ್ಟು ಗೊತ್ತು. ಆಟ ಆಡಿಸುವ ಪಿಟಿ ಸರ್‌ಗೆ ಇನ್ನೊಂದಿಷ್ಟು ಗೊತ್ತು. ಬಿಸಿಯೂಟ ಬಡಿಸುವ ಅಮ್ಮನಿಗೆ ಗೊತ್ತಿರುವುದು ಬೇರೆಯೇ. ಇವರೆಲ್ಲ ಒಂದೇ ಅಂಗಳದಲ್ಲಿ ದಿನವೂ ಓಡಾಡುತ್ತಾರೆ, ಆದರೆ ಆ ಮಗುವಿನ ಬಗ್ಗೆ ಒಟ್ಟಿಗೆ ಕೂತು ಮಾತಾಡಿರುವುದಿಲ್ಲ.

ಶಿಕ್ಷಕರ ನಡುವಿನ ಸಹಕಾರ ಮತ್ತು ಮಕ್ಕಳೊಂದಿಗಿನ ಒಡನಾಟ ಎಂದು ತರಬೇತಿಗಳಲ್ಲಿ ಎರಡು ಬೇರೆ ಅವಧಿ ಇಟ್ಟು ಹೇಳುತ್ತಾರೆ. ನನ್ನ ಮಟ್ಟಿಗೆ ಅವು ಬೇರೆ ಬೇರೆ ಅಲ್ಲ. ಒಬ್ಬರಿಗೇ ಒಂದು ಮಗು ಪೂರ್ತಿ ಸಿಗುವುದಿಲ್ಲ. ಹಲವರು ಕಂಡದ್ದನ್ನು ಕೂಡಿಸಿದರೆ ಮಾತ್ರ ಸಿಗುತ್ತದೆ. ಹಾಗೆ ಕೂಡಿಸುವುದನ್ನು ಕಲಿಯುವುದು ಹೇಗೆ ಎಂಬುದನ್ನು ನಿಧಾನವಾಗಿ ನೋಡೋಣ.

ಮೊದಲು ಮಕ್ಕಳ ವಿಷಯ. ತೆತ್ಸುಕೊ ಕುರೊಯಾನಾಗಿ ಅವರ ‘ತೊತ್ತೊ ಚಾನ್’ 1981ರಲ್ಲಿ ಜಪಾನಿನಲ್ಲಿ ಬಂದ ಪುಸ್ತಕ, ಕನ್ನಡದಲ್ಲೂ ಸಿಗುತ್ತದೆ. ಓದಿಲ್ಲದಿದ್ದರೆ ಈ ವರ್ಷವೇ ಓದಿ. ಹಳೆಯ ಶಾಲೆಯಿಂದ ಹೊರಹಾಕಿಸಿಕೊಂಡು ಬಂದ ಹುಡುಗಿಯನ್ನು ಹೊಸ ಶಾಲೆಯ ಮುಖ್ಯೋಪಾಧ್ಯಾಯ ಕೊಬಾಯಾಶಿ ಅವರು ಎದುರಿಗೆ ಕೂರಿಸಿಕೊಂಡು, ನಿನಗೆ ಹೇಳಬೇಕು ಅನ್ನಿಸಿದ್ದೆಲ್ಲ ಹೇಳು ಅನ್ನುತ್ತಾರೆ. ಆಕೆಯ ಮಾತು ಮುಗಿಯುವವರೆಗೆ ನಾಲ್ಕು ಗಂಟೆ ಕೇಳುತ್ತಾರೆ. ನಡುವೆ ಆಕಳಿಸುವುದಿಲ್ಲ, ಬೇಸರ ತೋರಿಸುವುದಿಲ್ಲ. ನಿಮಗೆ ನಾಲ್ಕು ಗಂಟೆ ಸಿಗುವುದಿಲ್ಲ, ನನಗೂ ಸಿಕ್ಕಿಲ್ಲ. ಆದರೆ ಊಟದ ಸಾಲಿನಲ್ಲಿ, ಗಿಡಕ್ಕೆ ನೀರು ಹಾಕುವಾಗ, ಶಾಲೆ ಬಿಟ್ಟಮೇಲೆ ಗೇಟಿನ ತನಕ ನಡೆಯುವಾಗ ಒಂದು ಮಗುವಿಗೆ ಐದು ನಿಮಿಷ ಕೊಡುವುದು ಸಾಧ್ಯ. ಕೇಳುವುದು ಅಂದರೆ ಕೇಳುವುದೇ. ‘ಹೋಂವರ್ಕ್ ಮಾಡಿದ್ಯಾ?’ ಅನ್ನುವುದು ಕೇಳುವುದಲ್ಲ, ಅದು ವಿಚಾರಣೆ. ‘ನಿಮ್ಮ ಮನೇಲಿ ಕರು ಹಾಕ್ತಂತಲ್ಲ, ಹೆಸರಿಟ್ರಾ?’ ಎಂದು ಕೇಳಿ ನೋಡಿ. ಆ ಮಗುವಿನಲ್ಲಿ ಎಷ್ಟು ಕನ್ನಡವಿದೆ ಎಂಬುದು ನಿಮಗೆ ಅವತ್ತು ತಿಳಿಯುತ್ತದೆ.

ಕನ್ನಡವೇ ಎಂದು ಖಾತ್ರಿಯಾಗಿ ಹೇಳುವಂತೆಯೂ ಇಲ್ಲ. ತಾಂಡಾದಿಂದ ಬರುವ ಮಗುವಿನ ಮನೆಮಾತು ಲಂಬಾಣಿ. ಮಂಗಳೂರಿನ ಕಡೆ ತುಳು, ಬಳ್ಳಾರಿ ಗಡಿಯಲ್ಲಿ ತೆಲುಗು, ಎಷ್ಟೋ ಊರುಗಳಲ್ಲಿ ಉರ್ದು. ಹೆಗ್ಗಡದೇವನಕೋಟೆಯ ಹಾಡಿಗಳಲ್ಲಿ ಜೇನುಕುರುಬರ ಮಾತು ಬೇರೆ, ಯರವರ ಮಾತು ಬೇರೆ. ಒಂದನೇ ತರಗತಿಯ ಮಗು ಸುಮ್ಮನೆ ಕೂತಿದ್ದರೆ ದಡ್ಡ ಎಂದು ತೀರ್ಮಾನಿಸುವ ಮುನ್ನ, ‘ಇದಕ್ಕೆ ನಿಮ್ಮ ಮನೇಲಿ ಏನಂತೀರಿ?’ ಎಂದು ಕೇಳಿ. ಆ ಪದವನ್ನು ಬೋರ್ಡಿನ ಮೇಲೆ ಕನ್ನಡ ಲಿಪಿಯಲ್ಲೇ ಬರೆಯಿರಿ. ಕಲ್ಯಾಣ ಕರ್ನಾಟಕದ ಕಡೆ ಸೇರಿದ್ದರೆ ಗುಳೆ ಹೋಗುವ ಮನೆಗಳು ಯಾವುವು, ಯಾವ ತಿಂಗಳು ಹೊರಡುತ್ತಾರೆ, ಮಗುವನ್ನು ಅಜ್ಜಿಯ ಬಳಿ ಬಿಡುತ್ತಾರೋ ಜೊತೆಗೆ ಕರೆದೊಯ್ಯುತ್ತಾರೋ ಎಂಬುದನ್ನು ಮೊದಲ ತಿಂಗಳಲ್ಲೇ ತಿಳಿದುಕೊಳ್ಳಿ. ಇದನ್ನೆಲ್ಲ ಬರೆದಿಡಲು ಒಂದು ನೂರು ಪುಟದ ನೋಟ್‌ಬುಕ್ ಸಾಕು. ಒಂದು ಮಗುವಿಗೆ ಒಂದು ಪುಟ. ಇದನ್ನು ಇಲಾಖೆ ಕೇಳುವುದಿಲ್ಲ, ಯಾರೂ ಸಹಿ ಹಾಕುವುದಿಲ್ಲ. ಅದಕ್ಕೇ ಇದರಲ್ಲಿ ನಿಜ ಬರೆಯಬಹುದು.

ಇನ್ನು ಸಹೋದ್ಯೋಗಿಗಳ ವಿಷಯ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಯಾಕೆಂದರೆ ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಚೆನ್ನಾಗಿ ಮಾತಾಡಿಸುತ್ತಾರೆ, ಊಟ ಹಂಚಿಕೊಳ್ಳುತ್ತಾರೆ, ರಜೆ ಬೇಕೆಂದರೆ ಕ್ಲಾಸ್ ನೋಡಿಕೊಳ್ಳುತ್ತಾರೆ. ಇಷ್ಟಿದ್ದರೆ ಸಹಕಾರ ಇದೆ ಅನ್ನಿಸುತ್ತದೆ. ಆದರೆ ಎಲ್ಲ ಸಹಕಾರವೂ ಒಂದೇ ಬಗೆಯದಲ್ಲ. ಅಮೆರಿಕದ ಶಿಕ್ಷಣ ಸಂಶೋಧಕಿ ಜುಡಿತ್ ವಾರೆನ್ ಲಿಟ್ಲ್ 1990ರ ಒಂದು ಲೇಖನದಲ್ಲಿ ಶಿಕ್ಷಕರ ಒಡನಾಟವನ್ನು ನಾಲ್ಕು ಬಗೆಯಾಗಿ ಬಿಡಿಸಿದರು: ಅನುಭವದ ಕಥೆ ಹೇಳಿಕೊಳ್ಳುವುದು, ಕೇಳಿದಾಗ ನೆರವಾಗುವುದು, ಸಾಮಗ್ರಿ ಹಂಚಿಕೊಳ್ಳುವುದು, ಜಂಟಿಯಾಗಿ ಕೆಲಸ ಮಾಡುವುದು. ಮೊದಲ ಮೂರರಲ್ಲಿ ನನ್ನ ಪಾಠ ನನ್ನದು, ನಿಮ್ಮ ಪಾಠ ನಿಮ್ಮದು ಎಂಬುದು ಹಾಗೆಯೇ ಉಳಿಯುತ್ತದೆ. ನಾಲ್ಕನೆಯದರಲ್ಲಿ ಮಾತ್ರ, ಈ ಮಕ್ಕಳು ಕಲಿತರೋ ಇಲ್ಲವೋ ಎಂಬ ಹೊಣೆ ಇಬ್ಬರದೂ ಆಗುತ್ತದೆ. ಸೇರಿದ ಶಾಲೆಯಲ್ಲಿ ಈ ನಾಲ್ಕರಲ್ಲಿ ಯಾವುದು ನಡೆಯುತ್ತಿದೆ ಎಂದು ಸುಮ್ಮನೆ ಗಮನಿಸಿ. ಮೊದಲ ಮೂರೇ ಇದ್ದರೆ ಅದೂ ಒಳ್ಳೆಯದೇ, ಹೀಗಳೆಯಬೇಡಿ. ನಾಲ್ಕನೆಯದಕ್ಕೆ ದಾರಿ ಅಲ್ಲಿಂದಲೇ ಇದೆ.

ಆ ದಾರಿಯಲ್ಲಿ ಮೊದಲ ಹೆಜ್ಜೆ ಯಾವುದು ಎಂದು ಕೇಳಿದರೆ, ಮಕ್ಕಳು ಲೆಕ್ಕ ಬರೆದ ನೋಟ್‌ಬುಕ್ಕನ್ನು ಸ್ಟಾಫ್ ರೂಮಿನ ಮೇಜಿನ ಮೇಲೆ ಇಡುವುದು ಎಂದು ಹೇಳುತ್ತೇನೆ. ಮೂರು ಅಥವಾ ನಾಲ್ಕನೇ ತರಗತಿಗೆ 52ರಲ್ಲಿ 28 ಕಳೆಯಿರಿ ಎಂದು ಲೆಕ್ಕ ಕೊಟ್ಟಿದ್ದೀರಿ ಎಂದಿಟ್ಟುಕೊಳ್ಳಿ. ಒಂದು ಮಗು 36 ಎಂದು ಬರೆದಿದೆ. ಇನ್ನೊಂದು 34 ಎಂದು ಬರೆದಿದೆ. ಎರಡಕ್ಕೂ ಕೆಂಪು ಗೆರೆ ಎಳೆದು, ‘ಕಳೆಯುವ ಲೆಕ್ಕ ಬರಲ್ಲ’ ಎಂದು ಮುಂದೆ ಹೋದರೆ ಇಬ್ಬರು ಮಕ್ಕಳೂ ಒಂದೇ ಆಗಿಬಿಡುತ್ತಾರೆ. ಪುಸ್ತಕವನ್ನು ಇನ್ನೊಬ್ಬರ ಮುಂದೆ ಹಿಡಿದು, ‘ಮೇಡಂ, ಈ ಮಗು 36 ಹೇಗೆ ತಂದಿರಬಹುದು?’ ಎಂದು ಕೇಳಿ. ಸ್ವಲ್ಪ ಹೊತ್ತಿನಲ್ಲಿ ಇಬ್ಬರಿಗೂ ಹೊಳೆಯುತ್ತದೆ: 2ರಲ್ಲಿ 8 ಹೋಗುವುದಿಲ್ಲ, ಅದಕ್ಕೆ ಮಗು 8ರಲ್ಲಿ 2 ಕಳೆದು 6 ಬರೆದಿದೆ, 5ರಲ್ಲಿ 2 ಕಳೆದು 3 ಬರೆದಿದೆ. ಯಾವಾಗಲೂ ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು ಎಂದು ನಾವೇ ಯಾವಾಗಲೋ ಹೇಳಿಕೊಟ್ಟಿರುತ್ತೇವೆ. ಮಗು ಆ ಮಾತನ್ನು ನಿಷ್ಠೆಯಿಂದ ಪಾಲಿಸಿದೆ. 34 ಬರೆದ ಮಗು ದಶಕ ಎರವಲು ತಂದಿದೆ, 12ರಲ್ಲಿ 8 ಕಳೆದು 4 ಸರಿಯಾಗಿಯೇ ಬರೆದಿದೆ. ಎರವಲು ಕೊಟ್ಟ 5 ಈಗ 4 ಆಯಿತು ಎಂಬುದನ್ನು ಮಾತ್ರ ಮರೆತಿದೆ.

ಮೊದಲ ಮಗುವಿಗೆ ಬೇಕಾಗಿರುವುದು ಹತ್ತು ಹತ್ತು ಕಡ್ಡಿಗಳ ಐದು ಕಟ್ಟು ಮತ್ತು ಎರಡು ಬಿಡಿ ಕಡ್ಡಿ. ಅದರಿಂದ 28 ಕಡ್ಡಿ ಎತ್ತಿ ಕೊಡು ಅಂದರೆ ಮಗು ತಾನೇ ಒಂದು ಕಟ್ಟು ಬಿಚ್ಚುತ್ತದೆ. ಎರವಲು ಎಂದರೆ ಏನೆಂಬುದು ಅದರ ಕೈಗೆ ತಿಳಿಯುತ್ತದೆ. ಎರಡನೇ ಮಗುವಿಗೆ ಕಡ್ಡಿ ಬೇಡ. 34ಕ್ಕೆ 28 ಕೂಡಿಸಿ ನೋಡು ಅಂದರೆ 62 ಬರುತ್ತದೆ, ತಾನೇ ತಪ್ಪು ಹಿಡಿಯುತ್ತದೆ. ಇಷ್ಟು ಹೊತ್ತಿಗೆ ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಇನ್ನೊಬ್ಬರು, ‘ಆ 36ರ ಹುಡುಗ ಸಂತೇಲಿ ಅವರಮ್ಮನ ಜೊತೆ ಸೊಪ್ಪು ಮಾರ್ತಾನಲ್ಲ, ಚಿಲ್ಲರೆ ಲೆಕ್ಕ ತಪ್ಪಲ್ಲ ಅವನು’ ಅನ್ನುತ್ತಾರೆ. ಆಗ ನೀವು ಹುಡುಗನನ್ನು ಕರೆದು, 28 ರೂಪಾಯಿ ಸೊಪ್ಪಿಗೆ 52 ಕೊಟ್ಟರೆ ಎಷ್ಟು ವಾಪಸ್ ಕೊಡ್ತೀಯ ಎಂದು ಕೇಳುತ್ತೀರಿ. ಅವನು 28ಕ್ಕೆ 2 ಸೇರಿಸಿ 30, ಆಮೇಲೆ 20 ಸೇರಿಸಿ 50, ಇನ್ನೆರಡು, ಒಟ್ಟು 24 ಎಂದು ಬಾಯಲ್ಲೇ ಹೇಳುತ್ತಾನೆ. ಕಾಗದದ ಮೇಲೆ ಬಾರದ ಲೆಕ್ಕ ಅವನ ನಾಲಿಗೆಯ ಮೇಲಿತ್ತು. ನಿಮಗೆ ಗೊತ್ತಿಲ್ಲದ ಆ ಸಂತೆಯ ಸಂಗತಿ ಇನ್ನೊಬ್ಬರಿಗೆ ಗೊತ್ತಿತ್ತು. ನಾಳೆ ಅವನಿಗೆ ಪಾಠ ಎಲ್ಲಿಂದ ಶುರು ಮಾಡಬೇಕು ಎಂಬುದು ಈಗ ನಿಮಗೆ ತಿಳಿಯಿತು.

ನಮ್ಮ ರಾಜ್ಯದಲ್ಲಿ ಇಂಥ ಮಾತುಕತೆಯಿಂದ ಎಷ್ಟು ದೊಡ್ಡ ಕೆಲಸ ಹುಟ್ಟಬಹುದು ಎಂಬುದಕ್ಕೆ ನಲಿ-ಕಲಿಯ ಕಥೆ ಇದೆ. ಇದನ್ನು ಇಲಾಖೆಯ ಒಂದು ಕಾರ್ಯಕ್ರಮವೆಂದಷ್ಟೇ ತಿಳಿದ ಹೊಸಬರು ತುಂಬ ಜನ. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಸರ್ಕಾರಿ ಶಾಲಾ ಶಿಕ್ಷಕರು ಯುನಿಸೆಫ್ ನೆರವಿನಿಂದ ಆಂಧ್ರದ ಮದನಪಲ್ಲಿ ಬಳಿಯ ರಿಷಿವ್ಯಾಲಿಗೆ ಹೋಗಿಬಂದರು. ಅಲ್ಲಿನ ಗ್ರಾಮೀಣ ಶಿಕ್ಷಣ ಕೇಂದ್ರದವರು ಸುತ್ತಲಿನ ಹಳ್ಳಿಗಳಲ್ಲಿ ಪುಟ್ಟ ಶಾಲೆಗಳನ್ನು ನಡೆಸುತ್ತಿದ್ದರು. ಒಂದೇ ಕೋಣೆಯಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು, ಒಬ್ಬರೇ ಶಿಕ್ಷಕರು, ಪಠ್ಯಪುಸ್ತಕದ ಬದಲು ಕಾರ್ಡುಗಳು, ಪ್ರತಿ ಮಗುವೂ ತನ್ನ ವೇಗದಲ್ಲಿ ಹತ್ತುವ ಕಲಿಕಾ ಏಣಿ. ಹೆಗ್ಗಡದೇವನಕೋಟೆಯವರು ಅದನ್ನು ಹಾಗೇ ತಂದು ಹಾಕಲಿಲ್ಲ. ಊರಿಗೆ ಬಂದು ಒಟ್ಟಿಗೆ ಕೂತು ಕನ್ನಡಕ್ಕೆ, ತಮ್ಮ ಮಕ್ಕಳಿಗೆ ಹೊಂದುವಂತೆ ಕಾರ್ಡುಗಳನ್ನು ಕೈಯಾರೆ ಬರೆದರು, ಹಾಡು ಕಟ್ಟಿದರು, ಕಥೆ ಸೇರಿಸಿದರು, ತರಗತಿಯಲ್ಲಿ ಬಳಸಿ ನೋಡಿ ತಿದ್ದಿದರು.

ಅದರ ಒಳಗಿನ ಒಂದು ತೀರ್ಮಾನವನ್ನು ಹತ್ತಿರದಿಂದ ನೋಡಿ. ನಲಿ-ಕಲಿಯಲ್ಲಿ ಅಕ್ಷರ ಕಲಿಕೆ ಅ ಆ ಇ ಈ ಇಂದ ಶುರುವಾಗುವುದಿಲ್ಲ, ರ ಗ ಸ ದ ಅ ಇಂದ ಶುರುವಾಗುತ್ತದೆ. ವರ್ಣಮಾಲೆಯ ಕ್ರಮದಲ್ಲಿ ಹೋದರೆ ಮಗು ಸ್ವರಗಳನ್ನೆಲ್ಲ ತಿದ್ದಿ ಮುಗಿಸಿದರೂ ಮಾತು ಅನ್ನುವಂಥ ಮಾತೊಂದನ್ನು ಓದಲಾರದು. ಈ ಐದು ಅಕ್ಷರ ಬಂದರೆ ಸರ, ರಸ, ಅಗಸ, ಅರಸ, ಗರಗಸ ಎಲ್ಲ ಓದಬಹುದು. ಸರಳ ಅಕ್ಷರಗಳು, ಕಾಗುಣಿತದ ಗೋಜಿಲ್ಲ. ಆಮೇಲೆ ಜ ವ ಮ ಬ ನ ಬರುತ್ತದೆ, ಓದಬಹುದಾದ ಪದಗಳು ಮತ್ತಷ್ಟು ಹೆಚ್ಚುತ್ತವೆ. ಮಗು ಎಲ್ಲಿ ಸೋತು ಕೈಚೆಲ್ಲುತ್ತದೆ ಎಂದು ದಿನವೂ ಕಣ್ಣಾರೆ ಕಂಡವರು ಕೂಡಿ ಕೂತರೆ ಮಾತ್ರ ಶತಮಾನಗಳ ಅ ಆ ಇ ಈಯನ್ನು ಬದಿಗಿಡುವ ಧೈರ್ಯ ಬರುತ್ತದೆ ಎಂದು ನಾನು ನಂಬಿದ್ದೇನೆ. ಗುಂಪುಗಳ ವ್ಯವಸ್ಥೆಯೂ ಹಾಗೆಯೇ. ಶಿಕ್ಷಕರ ಪೂರ್ಣ ಬೆಂಬಲ ಬೇಕಾದ ಮಕ್ಕಳು ಒಂದು ಕಡೆ, ಅರೆ ಬೆಂಬಲ ಸಾಕಾದವರು ಇನ್ನೊಂದು ಕಡೆ, ಸಹಪಾಠಿಗಳ ನೆರವಿನಿಂದ ಕಲಿಯುವವರು, ತಾವೇ ಕಲಿಯುವವರು ಬೇರೆ ಬೇರೆ ಸುತ್ತು ಕೂರುತ್ತಾರೆ. ಇದರಿಂದ ಶಿಕ್ಷಕರಿಗೆ ತೀರಾ ಅಗತ್ಯವಿರುವ ನಾಲ್ಕಾರು ಮಕ್ಕಳ ಪಕ್ಕ ನೆಲದ ಮೇಲೆ ಕೂರುವಷ್ಟು ಬಿಡುವು ಸಿಗುತ್ತದೆ. ಕಾರ್ಡುಗಳ ಮೇಲೆ ಚಿತ್ರದ ಗುರುತು ಇರುವುದರಿಂದ ಓದಲು ಬಾರದ ಮಗುವೂ ತನ್ನ ಕಾರ್ಡನ್ನು ತಾನೇ ಹುಡುಕಿ ತರುತ್ತದೆ.

2009-10ರಲ್ಲಿ ನಲಿ-ಕಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ 1 ಮತ್ತು 2ನೇ ತರಗತಿಗೆ ಬಂತು, ಮರುವರ್ಷ 3ನೇ ತರಗತಿಗೂ. ಅಷ್ಟು ದೊಡ್ಡ ಹರಹಿಗೆ ಹೋಗುವಾಗ ಕಾರ್ಡುಗಳು ಮುದ್ರಣವಾಗಿ ಬಂದವು. ಬರಲೇಬೇಕಿತ್ತು. ಆದರೆ ಪೆಟ್ಟಿಗೆಯಲ್ಲಿ ಕಾರ್ಡು ಬರುತ್ತದೆಯೇ ಹೊರತು, ಆ ಕಾರ್ಡನ್ನು ಹುಟ್ಟಿಸಿದ ಮಾತುಕತೆ ಬರುವುದಿಲ್ಲ. ಎಷ್ಟೋ ಶಾಲೆಗಳಲ್ಲಿ ನಲಿ-ಕಲಿ ಎಂದರೆ ತುಂಬಬೇಕಾದ ಪ್ರಗತಿ ನೋಟ, ತೋರಿಸಬೇಕಾದ ಕೋಣೆ ಎಂಬಷ್ಟಕ್ಕೆ ಇಳಿದದ್ದಕ್ಕೆ ಕಾರಣ ಇದೇ ಎನ್ನುವುದು ನನ್ನ ಅಭಿಪ್ರಾಯ. ನೀವು ನಲಿ-ಕಲಿ ತರಗತಿಗೆ ಸೇರಿದ್ದರೆ ಪಕ್ಕದ ಊರಿನ ನಲಿ-ಕಲಿ ಶಿಕ್ಷಕರನ್ನು ಹುಡುಕಿ, ‘ನಿಮ್ಮ ಮಕ್ಕಳು ಏಣಿಯ ಯಾವ ಮೈಲಿಗಲ್ಲಿನಲ್ಲಿ ನಿಂತುಬಿಡ್ತಾರೆ?’ ಎಂಬ ಒಂದು ಪ್ರಶ್ನೆ ಕೇಳಿ. ಇಬ್ಬರ ಮಕ್ಕಳೂ ಒಂದೇ ಕಡೆ ನಿಲ್ಲುತ್ತಿದ್ದರೆ ಅಲ್ಲಿಗೆ ಇನ್ನೆರಡು ಚಟುವಟಿಕೆ ನೀವೇ ಸೇರಿಸಿ.

ಇಂಥ ಮಾತುಕತೆಗೆ ಹೊಸ ವೇದಿಕೆ ಬೇಕಿಲ್ಲ. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆ ಎಂಬುದು ನಮ್ಮಲ್ಲಿ ಮೊದಲಿಂದ ಇದೆ. ಅಲ್ಲಿ ಸುತ್ತೋಲೆ ಓದುವುದು, ಅಂಕಿಅಂಶ ಕೇಳುವುದು, ಫೋಟೋ ತೆಗೆಯುವುದು ಇಷ್ಟಕ್ಕೇ ಹೊತ್ತು ಹೋಗುವುದುಂಟು. ಮೇಲಿನಿಂದ ದಿನ, ಹೊತ್ತು, ವಿಷಯ ಎಲ್ಲ ಗೊತ್ತುಮಾಡಿ ಶಿಕ್ಷಕರನ್ನು ಕೂರಿಸಿದರೆ ಅದು ಹೇರಿದ ಸಹಕಾರವಾಗುತ್ತದೆ ಎಂದು ಆ್ಯಂಡಿ ಹಾರ್ಗ್ರೀವ್ಸ್ ಎಂಬ ವಿದ್ವಾಂಸರು 1990ರ ದಶಕದಲ್ಲೇ ಎಚ್ಚರಿಸಿದ್ದರು. ಹಾಗೆಂದು ಸಭೆ ತಪ್ಪಿಸಿಕೊಳ್ಳಬೇಡಿ. ನಿಮ್ಮ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಯಾದ ಸಿಆರ್‌ಪಿಗೆ ಮೊದಲೇ ಫೋನ್ ಮಾಡಿ, ‘ಸರ್, ನಾಲ್ಕು ನೋಟ್‌ಬುಕ್ ತರ್ತೀನಿ, ಇಪ್ಪತ್ತು ನಿಮಿಷ ಕೊಡಿ’ ಎಂದು ಕೇಳಿ. ಕೇಳುವವರಿದ್ದರೆ ಕೊಡುವ ಸಿಆರ್‌ಪಿಗಳು ಬೇಕಾದಷ್ಟು ಜನ ಇದ್ದಾರೆ. ಅವರೂ ಶಿಕ್ಷಕರೇ.

ಇನ್ನೊಬ್ಬರನ್ನು ನಿಮ್ಮ ತರಗತಿಯೊಳಗೆ ಕರೆಯುವುದು ಇದಕ್ಕಿಂತ ಕಷ್ಟ. ಹಿಂದಿನ ಬೆಂಚಿನಲ್ಲಿ ಒಬ್ಬರು ಬಂದು ಕೂತರೆ ತಪಾಸಣೆ ಎಂದೇ ನಮ್ಮ ಮೈ ಬಿಗಿಯುತ್ತದೆ. ಆದರೆ ತರಗತಿ ನೋಡುವುದು ತಪಾಸಣೆಯೇ ಆಗಬೇಕಿಲ್ಲ. ಜಪಾನಿನಲ್ಲಿ ‘ಜುಗ್ಯೋ ಕೆನ್‌ಕ್ಯೂ’ (ಪಾಠದ ಅಧ್ಯಯನ) ಎಂಬ ಪದ್ಧತಿ ಮೇಜಿ ಕಾಲದಿಂದ, ಅಂದರೆ ನೂರು ವರ್ಷಕ್ಕೂ ಹಿಂದಿನಿಂದ ಇದೆ. 1999ರಲ್ಲಿ ಜೇಮ್ಸ್ ಸ್ಟಿಗ್ಲರ್ ಮತ್ತು ಜೇಮ್ಸ್ ಹೀಬರ್ಟ್ ‘ದಿ ಟೀಚಿಂಗ್ ಗ್ಯಾಪ್’ ಪುಸ್ತಕದಲ್ಲಿ ವಿವರಿಸಿದ ಮೇಲೆ ಹೊರಗಿನವರ ಗಮನ ಅದರ ಕಡೆ ಹರಿಯಿತು. ಕೆಲವು ಶಿಕ್ಷಕರು ಸೇರಿ ಒಂದೇ ಒಂದು ಪಾಠವನ್ನು ಯೋಜಿಸುತ್ತಾರೆ, ಒಬ್ಬರು ಮಾಡುತ್ತಾರೆ, ಉಳಿದವರು ಸುತ್ತ ನಿಂತು ನೋಡುತ್ತಾರೆ. ಅವರ ಕಣ್ಣು ಶಿಕ್ಷಕರ ಮೇಲಲ್ಲ, ಮಕ್ಕಳ ಮೇಲೆ. ಯಾವ ಮಗು ಯಾವ ಕ್ಷಣದಲ್ಲಿ ಪೆನ್ಸಿಲ್ ಕೆಳಗಿಟ್ಟಿತು, ಯಾವ ಪ್ರಶ್ನೆಗೆ ಪಕ್ಕದವನ ಕಡೆ ತಿರುಗಿತು ಎಂದು ಬರೆದುಕೊಳ್ಳುತ್ತಾರೆ. ಪಾಠ ಮುಗಿದ ಮೇಲೆ ಮೊದಲು ಮಾತಾಡುವವರು ಪಾಠ ಮಾಡಿದವರೇ. ಚರ್ಚೆ ಅವರ ಬಗ್ಗೆ ಅಲ್ಲ, ಪಾಠದ ಬಗ್ಗೆ. ಯೋಜಿಸಿದ್ದು ಎಲ್ಲರೂ ಆದ್ದರಿಂದ ಅದು ಎಲ್ಲರ ಪಾಠ.

ನಮ್ಮ ಸಣ್ಣ ಶಾಲೆಯಲ್ಲಿ ಇದನ್ನು ಸಣ್ಣದಾಗಿಯೇ ಮಾಡಬಹುದು. ಸಹೋದ್ಯೋಗಿಗೆ, ‘ನನ್ನ ಪಾಠ ಹೇಗಿದೆ ನೋಡಿ’ ಎಂದು ಹೇಳಬೇಡಿ. ಅವರಿಗೂ ಮುಜುಗರ, ನಿಮಗೂ ಮುಜುಗರ, ಕೊನೆಗೆ ಚೆನ್ನಾಗಿತ್ತು ಎಂದು ಎದ್ದು ಹೋಗುತ್ತಾರೆ. ‘ಕಿಟಕಿ ಪಕ್ಕ ಕೂರುವ ಆ ಮೂರು ಮಕ್ಕಳನ್ನ ಮಾತ್ರ ನೋಡ್ತೀರಾ ಮೇಡಂ? ನಾನು ಬೋರ್ಡ್ ಕಡೆ ತಿರುಗಿದಾಗ ಏನು ಮಾಡ್ತಾರೆ ನನಗೆ ಗೊತ್ತಾಗಲ್ಲ’ ಅನ್ನಿ. ಇದು ನಿಜವಾದ ಸಹಾಯದ ಕೋರಿಕೆ, ಹಿರಿಯರು ಇದಕ್ಕೆ ಒಲ್ಲೆ ಅನ್ನುವುದು ಅಪರೂಪ. ಮುಂದಿನ ವಾರ ನೀವು ಅವರ ಮಕ್ಕಳನ್ನು ನೋಡಿ. ವಯಸ್ಸಿನಲ್ಲಿ, ಸೇವೆಯಲ್ಲಿ ಹಿರಿಯರಾದವರ ತರಗತಿಯಲ್ಲಿ ಕೂತಾಗ ಕಂಡದ್ದನ್ನು ಹೇಳಿ, ತೀರ್ಪು ಹೇಳಬೇಡಿ. ‘ಮೂರನೇ ಲೆಕ್ಕದವರೆಗೆ ಅವಳು ತಾನೇ ಮಾಡ್ತಿದ್ಲು, ಆಮೇಲೆ ಪಕ್ಕದವಳನ್ನು ನೋಡೋಕೆ ಶುರು ಮಾಡಿದ್ಲು’ ಅಂದರೆ ಸಾಕು.

ಸಮಯ ಎಲ್ಲಿದೆ ಎಂದು ನೀವು ಕೇಳುತ್ತೀರಿ, ನ್ಯಾಯವಾದ ಪ್ರಶ್ನೆ. ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕದಲ್ಲಿ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು. ಆ ಇಬ್ಬರ ಮೇಲೆ ಐದು ತರಗತಿ, ಬಿಸಿಯೂಟದ ಲೆಕ್ಕ, ಹಾಲು, ಮೊಟ್ಟೆ, ದಾಖಲೆ, ಚುನಾವಣೆ, ಗಣತಿ ಎಲ್ಲ ಬೀಳುತ್ತದೆ. ಒಬ್ಬರೇ ಇರುವ ಶಾಲೆಗಳ ಕಷ್ಟ ಇನ್ನೂ ದೊಡ್ಡದು. ಶಿಕ್ಷಕರು ಮಾತಾಡಿಕೊಳ್ಳುವ ಹೊತ್ತನ್ನು ಕೆಲಸದ ಹೊತ್ತೆಂದೇ ಇಲಾಖೆ ಗಣಿಸಬೇಕು, ಇದನ್ನು ನಾವು ಕೇಳುತ್ತಲೇ ಇರಬೇಕು. ಅಲ್ಲಿಯವರೆಗೆ, ಇಬ್ಬರಿದ್ದರೆ ವಾರಕ್ಕೊಂದು ದಿನ ಶಾಲೆ ಬಿಟ್ಟಮೇಲೆ ಕಾಲು ಗಂಟೆ, ಒಂದೇ ಮಗುವಿನ ಬಗ್ಗೆ. ಒಬ್ಬರೇ ಇದ್ದರೆ ಪಕ್ಕದ ಶಾಲೆಯವರಿಗೆ ಫೋನ್. ಇದರಲ್ಲಿ ಅತಿಥಿ ಶಿಕ್ಷಕರನ್ನು ಬಿಡಬೇಡಿ. ಅವರು ಹೆಚ್ಚಾಗಿ ಆ ಊರಿನವರೇ, ನಿಮಗೆ ವರ್ಷ ಹಿಡಿಯುವ ಸಂಗತಿ ಅವರಿಗೆ ಮೊದಲೇ ಗೊತ್ತಿರುತ್ತದೆ. ಅಡುಗೆಯವರನ್ನೂ ಬಿಡಬೇಡಿ. ಸೋಮವಾರ ಮಧ್ಯಾಹ್ನ ಯಾವ ಮಗು ಎರಡು ಸಲ ಅನ್ನ ಹಾಕಿಸಿಕೊಳ್ಳುತ್ತದೆ ಎಂದು ಅವರನ್ನೇ ಕೇಳಬೇಕು.

ಒಂದು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಮಗು ನಿಮ್ಮನ್ನು ನಂಬಿ ಹೇಳಿದ ಮನೆಯ ಕಷ್ಟ ಸ್ಟಾಫ್ ರೂಮಿನ ಮಾತಾಗಬಾರದು. ಅಪ್ಪ ಕುಡಿಯುತ್ತಾನೆ, ಅಮ್ಮ ತವರಿಗೆ ಹೋಗಿದ್ದಾಳೆ ಎಂಬುದು ನಾಳೆ ಇನ್ನೊಬ್ಬರ ಬಾಯಿಂದ ಆ ಮಗುವಿನ ಕಿವಿಗೆ ಬಿದ್ದರೆ ಅದು ಮತ್ತೆ ಯಾವ ಶಿಕ್ಷಕರನ್ನೂ ನಂಬುವುದಿಲ್ಲ. ಹಂಚಿಕೊಳ್ಳಬೇಕಾದದ್ದು ಕಲಿಕೆಗೆ ಬೇಕಾದಷ್ಟು: ಈ ವಾರ ಅವಳನ್ನು ಬೈಯಬೇಡಿ, ಬೆಳಿಗ್ಗೆ ಮೊದಲ ಅವಧಿಯಲ್ಲಿ ಪ್ರಶ್ನೆ ಕೇಳಬೇಡಿ, ಅಷ್ಟು ಸಾಕು. ಮಗುವಿಗೆ ಅಪಾಯವಿದೆ, ಯಾರೋ ಹಿಂಸಿಸುತ್ತಿದ್ದಾರೆ ಅನ್ನಿಸಿದರೆ ಅದು ಬೇರೆ. ತಡಮಾಡದೆ ಮುಖ್ಯ ಶಿಕ್ಷಕರಿಗೆ ತಿಳಿಸಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಕೊನೆಯದಾಗಿ, ಕೈ ದಾಟಿಸುವ ಕೆಲಸ. 3ನೇ ತರಗತಿವರೆಗೆ ಸುತ್ತು ಕೂತು ತನ್ನ ವೇಗದಲ್ಲಿ ಕಲಿತ ಮಗು 4ಕ್ಕೆ ಬಂದಾಗ ಸಾಲಾಗಿ ಕೂತು ಪಠ್ಯಪುಸ್ತಕ ತೆರೆಯಬೇಕಾಗುತ್ತದೆ. ಆ ಬದಲಾವಣೆಯಲ್ಲಿ ಬಹಳ ಮಕ್ಕಳು ಮೂಕರಾಗುತ್ತಾರೆ. ಏಪ್ರಿಲಿನಲ್ಲಿ ರಜೆಗೆ ಮುಂಚೆ ಮುಂದಿನ ತರಗತಿಯ ಶಿಕ್ಷಕರ ಜೊತೆ ಒಂದು ಮಧ್ಯಾಹ್ನ ಕೂತು ನಿಮ್ಮ ನೋಟ್‌ಬುಕ್ಕಿನ ಪುಟಗಳನ್ನು, ಮನೆಯ ಗುಟ್ಟು ಬಿಟ್ಟು, ಒಂದೊಂದಾಗಿ ಓದಿ ಹೇಳಿ. ಯಾವ ಮಗುವಿಗೆ ಯಾವುದು ಬಂತು ಎಂಬುದಕ್ಕಿಂತ, ಹೇಗೆ ಹೇಳಿದರೆ ಬಂತು ಎಂಬುದನ್ನು ಹೇಳಿ. ನಡುವೆ ವರ್ಗಾವಣೆಯಾದರೆ ಮನೆಯ ಗುಟ್ಟಿನ ಸಾಲುಗಳನ್ನು ಬಿಟ್ಟು ಉಳಿದದ್ದನ್ನು ಬೇರೆ ಹಾಳೆಗೆ ಬರೆದು, ನಿಮ್ಮ ಫೋನ್ ನಂಬರ್ ಸಮೇತ ಮುಖ್ಯ ಶಿಕ್ಷಕರ ಬಳಿ ಬಿಟ್ಟು ಹೊರಡಿ. ಹೋದ ಶಾಲೆಯಲ್ಲಿ ನಿಮಗಿಂತ ಮೊದಲು ಆ ತರಗತಿ ನೋಡಿಕೊಂಡವರು ಯಾರು ಎಂದು ವಿಚಾರಿಸಿ, ಮೊದಲ ವಾರದೊಳಗೆ ಅವರಿಗೆ ಫೋನ್ ಮಾಡಿ.